ಗಿಳಿಯೂ ನೊಣವೂ: ಅದ್ಭುತ ಚಿತ್ರದ ಲಕ್ಷಣ



ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನಿಗೆ ಪ್ರಬಂಧದ ಪುಸ್ತಕಗಳನ್ನು ತಿದ್ದುವ ಕೆಲಸ ತಪ್ಪಿದ್ದಲ್ಲ. 2012ರಲ್ಲಿ ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ನಾನು ಮೆಚ್ಚಿದ ಕಥೆ’ ಎಂಬ ವಿಷಯವನ್ನು ಕೊಟ್ಟಿದ್ದೆ. ಹೆಚ್ಚಿನವರು ಪಠ್ಯಪುಸ್ತಕದೊಳಗಿನ ಕಥೆಯನ್ನೇ ತಿರುಗಿಸಿ ಬರೆದು ಒಪ್ಪಿಸಿದರು. ಒಬ್ಬ ಹುಡುಗ ಮಾತ್ರ, ಆಗತಾನೇ ನಮ್ಮ ಊರಿನ ಚಿತ್ರಮಂದಿರಕ್ಕೆ ಬಂದಿದ್ದ ತೆಲುಗು ಚಿತ್ರವೊಂದರ ಕಥೆಯನ್ನು ನಾಲ್ಕು ಪುಟ ತುಂಬ ಬರೆದಿದ್ದ. ಚಿತ್ರದ ಹೆಸರು ‘ಈಗ’. ನಾನು ಮೊದಲು ಅದನ್ನು ‘ಸದ್ಯ’ ಎಂಬ ಅರ್ಥದಲ್ಲೇ ಓದಿಕೊಂಡೆ. ತೆಲುಗಿನಲ್ಲಿ ಹಾಗೆಂದರೆ ನೊಣ. ಒಬ್ಬ ಸಾಮಾನ್ಯ ಯುವಕನನ್ನು, ಅವನ ಪ್ರೇಯಸಿಯ ಮೇಲೆ ಕಣ್ಣಿಟ್ಟ ಧನಿಕನೊಬ್ಬ ಕೊಲ್ಲುತ್ತಾನೆ. ಸತ್ತವನು ನೊಣವಾಗಿ ಹುಟ್ಟಿ ಹಗೆ ತೀರಿಸಿಕೊಳ್ಳುತ್ತಾನೆ. ನಾನು ಹತ್ತಕ್ಕೆ ಮೂರು ಅಂಕ ಹಾಕಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಅಸಂಭವ. ಮುಂದೆ ಇಂತಹುದನ್ನು ಬರೆಯಬೇಡ’ ಎಂದು ಬರೆದೆ.

ಮುಂದಿನ ವಾರವೇ ತರಗತಿಯಲ್ಲಿ ಯಾವುದೋ ಪದ್ಯದ ನೆಪದಿಂದ ಮಾತು ‘ಕಾದಂಬರಿ’ಯ ಕಡೆಗೆ ಹೊರಳಿತು. ಬಾಣಭಟ್ಟನ ಗದ್ಯಕಾವ್ಯವನ್ನು ನಮ್ಮ ನಾಗವರ್ಮನು ಚಂಪುವಾಗಿ ಕನ್ನಡಕ್ಕೆ ತಂದ ಸೊಗಸನ್ನು ಹೇಳುತ್ತಾ, ಪುಂಡರೀಕನು ವಿರಹದಿಂದ ಸತ್ತು ವೈಶಂಪಾಯನನಾಗಿ ಹುಟ್ಟಿದುದನ್ನೂ, ಆ ವೈಶಂಪಾಯನನು ಶಾಪದಿಂದ ಗಿಳಿಯಾದುದನ್ನೂ ವರ್ಣಿಸಿದೆ. ಪಂಡಿತ ಪರೀಕ್ಷೆಗೆ ಓದುತ್ತಿದ್ದ ಕಾಲದಿಂದಲೂ ನನಗೆ ಪ್ರಿಯವಾದ ಭಾಗವದು. ಸ್ವಲ್ಪ ಮೈಮರೆತೇ ಹೇಳಿದ್ದಿರಬೇಕು. ಹಿಂದಿನ ಬೆಂಚಿನಿಂದ ಅದೇ ಹುಡುಗ ಎದ್ದುನಿಂತು, ‘ಸಾರ್, ಮನುಷ್ಯ ಗಿಳಿಯಾಗಬಹುದಾದರೆ ನೊಣವಾಗಬಾರದಾ?’ ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಹುಡುಗ ನಗಲಿಲ್ಲ, ಅವನು ತಿಳಿಯಬೇಕೆಂದೇ ಕೇಳಿದ್ದ. ನಾನು ‘ಕೂತುಕೋ’ ಎಂದೆ. ಅಷ್ಟರಲ್ಲಿ ಗಂಟೆ ಹೊಡೆದು ನನ್ನ ಮಾನ ಉಳಿಯಿತು.

ಮಾನವೇನೋ ಉಳಿಯಿತು, ಪ್ರಶ್ನೆಯೂ ಉಳಿಯಿತು. ಗಿಳಿಯನ್ನು ಸಾಹಿತ್ಯವೆಂದು ಹೊಗಳಿ ನೊಣವನ್ನು ಅಸಂಭವವೆಂದು ಹೊಡೆದುಹಾಕುವುದಕ್ಕೆ ನನ್ನ ಬಳಿ ಏನಾದರೂ ಆಧಾರವಿತ್ತೇ? ಗಿಳಿ ಹಳೆಯದು, ನೊಣ ಹೊಸದು ಎಂಬುದೊಂದನ್ನು ಬಿಟ್ಟರೆ ಬೇರೆ ಆಧಾರ ಕಾಣಲಿಲ್ಲ. ನಾನು ಆ ಚಿತ್ರವನ್ನು ನೋಡಿಯೂ ಇರಲಿಲ್ಲ. ಆಮೇಲೆ ನೋಡಿದೆ. ಅದನ್ನಲ್ಲದೆ ಆ ಜಾತಿಯ ಇನ್ನೂ ಅನೇಕ ಚಿತ್ರಗಳನ್ನು, ಚಿಕ್ಕಂದಿನಲ್ಲಿ ನೋಡಿ ಮರೆತವನ್ನೂ, ತಿರುಗಿ ನೋಡಿದೆ. ಆ ಹುಡುಗನಿಗೆ ಅಂದು ಕೊಡದೆ ಹೋದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಇಂತಹ ಚಿತ್ರಗಳಿಗೆ ಇಂಗ್ಲಿಷಿನಲ್ಲಿ ‘ಫ್ಯಾಂಟಸಿ’ ಎಂದು ಹೆಸರು. ನಮ್ಮಲ್ಲಿ ಮಾಯಾಜಾಲದ ಚಿತ್ರ, ಜಾನಪದ ಚಿತ್ರ ಎಂದೆಲ್ಲ ಕರೆಯುವುದುಂಟು. ನಾನು ‘ಅದ್ಭುತ ಚಿತ್ರ’ ಎನ್ನುತ್ತೇನೆ. ಪಂಡಿತನಾದವನಿಗೆ ಭರತಮುನಿಯ ನೆರಳನ್ನು ಬಿಟ್ಟು ನಡೆಯುವುದು ಕಷ್ಟ. ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಭಾವವೆಂದು ನಾಟ್ಯಶಾಸ್ತ್ರದಲ್ಲಿ ಹೇಳಿ, ಅದನ್ನು ಹುಟ್ಟಿಸುವ ಕಾರಣಗಳನ್ನೂ ಭರತನು ಎಣಿಸಿದ್ದಾನೆ: ದೇವತೆಗಳನ್ನು ಕಾಣುವುದು, ಬಯಸಿದ್ದು ಕೈಗೂಡುವುದು, ವಿಮಾನ, ಮಾಯೆ, ಇಂದ್ರಜಾಲ ಮೊದಲಾದುವು. ಈ ಪಟ್ಟಿಯನ್ನು ಓದಿದರೆ ನಮ್ಮ ಟೂರಿಂಗ್ ಟಾಕೀಸಿನವರು ಎತ್ತಿನ ಗಾಡಿಯಲ್ಲಿ ಸಾರಿಕೊಂಡು ಬರುತ್ತಿದ್ದ ಜಾಹೀರಾತನ್ನೇ ಕೇಳಿದಂತಾಗುತ್ತದೆ.

ಆದರೆ ರಸದ ಹೆಸರನ್ನು ಹೇಳಿದ ಮಾತ್ರಕ್ಕೆ ಲಕ್ಷಣವನ್ನು ಹೇಳಿದಂತಾಗಲಿಲ್ಲ. ಸರ್ಕಸ್ಸಿನ ಉಯ್ಯಾಲೆಯಾಟ ನೋಡಿದರೂ ವಿಸ್ಮಯವಾಗುತ್ತದೆ. ಲಕ್ಷಣಕ್ಕೆ ಮೂರು ದೋಷಗಳು ಬರಬಾರದೆಂದು ತರ್ಕಶಾಸ್ತ್ರದವರು ಎಚ್ಚರಿಸುತ್ತಾರೆ. ಬೇಡವಾದದ್ದೂ ಒಳಗೆ ಬಂದರೆ ಅತಿವ್ಯಾಪ್ತಿ. ಬೇಕಾದದ್ದರಲ್ಲಿ ಕೆಲವು ಹೊರಗುಳಿದರೆ ಅವ್ಯಾಪ್ತಿ. ಒಂದೂ ಒಳಗೆ ಬಾರದಿದ್ದರೆ ಅದಕ್ಕೆ ಅಸಂಭವವೆಂದು ಹೆಸರು. ಈ ಮೂರನೆಯದನ್ನೇ ನಾನು ಹುಡುಗನ ಪುಸ್ತಕದಲ್ಲಿ ಬರೆದದ್ದು. ದೋಷವಿದ್ದುದು ಯಾರಲ್ಲಿ ಎಂಬುದು ಮಾತ್ರ ಆಗ ನನಗೆ ತಿಳಿದಿರಲಿಲ್ಲ.

‘ಲೋಕದಲ್ಲಿ ನಡೆಯಲಾರದ್ದು ನಡೆಯುವ ಚಿತ್ರವೇ ಅದ್ಭುತ ಚಿತ್ರ’ ಎನ್ನೋಣವೇ? ಅತಿವ್ಯಾಪ್ತಿ. ನಾಯಕನೊಬ್ಬನೇ ಇಪ್ಪತ್ತು ಮಂದಿ ರೌಡಿಗಳನ್ನು ಕೆಡವಿ, ಬಾಚಿದ ಕ್ರಾಪು ಕೆದರದಂತೆ ಎದ್ದು ಬರುವ ಸಾಮಾಜಿಕ ಚಿತ್ರಗಳೆಲ್ಲ ಒಳಗೆ ನುಗ್ಗುತ್ತವೆ. ಪಲ್ಲವಿಯನ್ನು ಬೆಂಗಳೂರಿನಲ್ಲಿ ಹಾಡಿ, ಅನುಪಲ್ಲವಿಯ ಹೊತ್ತಿಗೆ ಹಿಮಾಲಯದಲ್ಲಿರುವವರೂ ಬರುತ್ತಾರೆ. ಹಾಗಾದರೆ ‘ಕ್ಯಾಮರಾದ ಕೈಚಳಕವೇ ಪ್ರಧಾನವಾದ ಚಿತ್ರ’ ಎನ್ನೋಣವೇ? ಬಹುಮಂದಿ ಹೀಗೆಯೇ ತಿಳಿದಿದ್ದಾರೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಪ್ಯಾರಿಸ್ಸಿನಲ್ಲಿ ಜಾರ್ಜ್ ಮೆಲಿಯೆಸ್ ಎಂಬ ಇಂದ್ರಜಾಲದ ಕಲಾವಿದನಿದ್ದ. ಬೀದಿಯ ಚಿತ್ರ ತೆಗೆಯುತ್ತಿದ್ದಾಗ ಅವನ ಕ್ಯಾಮರಾ ಕ್ಷಣಕಾಲ ಸಿಕ್ಕಿಕೊಂಡು ನಿಂತು ಮತ್ತೆ ಓಡಿತಂತೆ; ಪರದೆಯ ಮೇಲೆ ನೋಡಿದಾಗ ಜನರನ್ನು ಸಾಗಿಸುವ ಬಂಡಿ ಇದ್ದಕ್ಕಿದ್ದಂತೆ ಹೆಣದ ಬಂಡಿಯಾಗಿತ್ತಂತೆ. ಇದು ಅವನೇ ಹೇಳಿಕೊಂಡ ಕಥೆ. ಆ ಒಂದು ತೊಡಕಿನಿಂದ ಮಾಯ ಮಾಡುವ, ರೂಪ ಬದಲಿಸುವ ಉಪಾಯಗಳನ್ನೆಲ್ಲ ಅವನು ಬೆಳೆಸಿದ. 1902ರಲ್ಲಿ ಅವನು ತೆಗೆದ ಚಂದ್ರಲೋಕ ಯಾತ್ರೆಯ ಚಿತ್ರದಲ್ಲಿ ಫಿರಂಗಿಯಿಂದ ಹಾರಿಸಿದ ಗುಂಡು ಚಂದ್ರನ ಕಣ್ಣಿಗೇ ನಾಟುತ್ತದೆ. ನಮ್ಮ ಚಂದ್ರಯಾನ-3 ಚಂದ್ರನ ಮೇಲೆ ಮೆತ್ತಗೆ ಇಳಿದುದು 2023ರ ಆಗಸ್ಟ್ 23ರಂದು. ಅದನ್ನು ಕಂಡಮೇಲೂ ಮೆಲಿಯೆಸ್‌ನ ಚಿತ್ರಕ್ಕೆ ಕೂದಲೆಳೆಯಷ್ಟೂ ಕುಂದು ಬಂದಿಲ್ಲ. ಚಂದ್ರನ ವಿಚಾರವನ್ನು ಕಲಿಯುವುದಕ್ಕೆಂದು ಅದನ್ನು ಯಾರೂ ನೋಡುವುದಿಲ್ಲ. ನಮ್ಮ ದಾದಾಸಾಹೇಬ್ ಫಾಲ್ಕೆಯವರೂ ಜಾದೂ ಬಲ್ಲವರೇ. 1919ರ ‘ಕಾಳಿಯ ಮರ್ದನ’ದಲ್ಲಿ ತಮ್ಮ ಮಗಳು ಮಂದಾಕಿನಿಗೇ ಬಾಲಕೃಷ್ಣನ ವೇಷ ಹಾಕಿ ಹಾವಿನ ಹೆಡೆಯ ಮೇಲೆ ಕುಣಿಸಿದರು.

ಆದರೂ ಕೈಚಳಕವನ್ನೇ ಲಕ್ಷಣವೆಂದರೆ ಅವ್ಯಾಪ್ತಿ ಬರುತ್ತದೆ. ಅದಕ್ಕೆ ನನ್ನ ಸಾಕ್ಷಿ 1957ರ ‘ಮಾಯಾಬಜಾರ್’, ವಿಜಯಾ ಸಂಸ್ಥೆಯವರ ತೆಲುಗು ಚಿತ್ರ. ನಿರ್ದೇಶಕರು ಕೆ. ವಿ. ರೆಡ್ಡಿ, ಕ್ಯಾಮರಾ ಮಾರ್ಕಸ್ ಬಾರ್ಟ್ಲಿಯವರದು. ನಾನು ಐದನೆಯ ತರಗತಿಯಲ್ಲಿದ್ದಾಗ, ಆಂಧ್ರದ ಗಡಿಗೆ ಹತ್ತಿರವಾದ ನಮ್ಮ ಊರಿನ ಟೆಂಟಿಗೆ ಅದರ ಸವೆದ ಪ್ರತಿಯೊಂದು ಬಂದಿತ್ತು. ಅಜ್ಜಿಯ ಜೊತೆ ನೆಲದ ಮೇಲೆ ಚಾಪೆ ಹಾಸಿಕೊಂಡು ನೋಡಿದೆ. ಘಟೋತ್ಕಚನಾಗಿ ಎಸ್. ವಿ. ರಂಗರಾವ್ ಮದುವೆಯ ಅಡುಗೆಮನೆಯಲ್ಲಿ ಕುಳಿತಿರುವಾಗ ಲಾಡುಗಳು ತಟ್ಟೆಯಿಂದ ತಾವಾಗಿಯೇ ಎದ್ದು ಬಾಯಿಗೆ ಹಾರಿದಾಗ ಟೆಂಟಿಗೆ ಟೆಂಟೇ ಕುಣಿಯಿತು. ಅದು ಕ್ಯಾಮರಾದ ಕೆಲಸ, ನಿಜ. ಆದರೆ ಆ ಚಿತ್ರದ ಹಿರಿಯ ಅದ್ಭುತ ಬೇರೊಂದಿದೆ. ಘಟೋತ್ಕಚನು ಶಶಿರೇಖೆಯ ರೂಪ ತಾಳಿ, ದುರ್ಯೋಧನನ ಮಗ ಲಕ್ಷ್ಮಣಕುಮಾರನಿಗೆ ವಧುವಾಗಿ ಹೋಗುತ್ತಾನೆ. ಈಗ ಪರದೆಯ ಮೇಲಿರುವವರು ಸಾವಿತ್ರಿ. ಹೊರಗೆ ಬಳ್ಳಿಯಂತಹ ಹುಡುಗಿ, ಒಳಗೆ ಹಿಡಿಂಬೆಯ ಮಗ. ನಾಚಿಕೊಂಡು ನಡೆಯುತ್ತಿದ್ದವಳು ಮರೆತು ಒಂದು ಹೆಜ್ಜೆ ದಾಪುಗಾಲು ಹಾಕುತ್ತಾಳೆ. ಕಣ್ಣು ಕೆಂಪಗಾಗುತ್ತದೆ, ಮರುಕ್ಷಣ ಮತ್ತೆ ರೆಪ್ಪೆ ಬಾಗುತ್ತದೆ. ಮದುವೆಯ ಗದ್ದಲದಲ್ಲಿ ವರನ ಕಾಲನ್ನು ಮೆಟ್ಟುತ್ತಾಳೆ. ಇಲ್ಲಿ ಯಾವ ತಂತ್ರವೂ ಇಲ್ಲ, ನಟಿಯ ಮೈಯೊಂದೇ ಸಾಧನ. ಲಾಡುಗಳಿಗೆ ನಕ್ಕಿದ್ದ ನನ್ನ ಅಜ್ಜಿ ಇಲ್ಲಿ ನಗುವುದನ್ನು ನಿಲ್ಲಿಸಿ, ‘ಕಾಲು ನೋಡೋ, ಒಳಗಿರೋನು ಗಂಡಸು’ ಎಂದು ನನ್ನ ತೋಳು ಹಿಡಿದಳು. ವ್ಯಾಸಭಾರತದಲ್ಲಿ ಈ ಕಥೆಯೇ ಇಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ವ್ಯಾಸರಿಗೆ ಮರೆತುಹೋಗಿರಬೇಕು ಎನ್ನುತ್ತಿದ್ದಳು.

ಅಜ್ಜಿ ಹಿಡಿದದ್ದು ಲಕ್ಷಣದ ಒಂದು ತುದಿಯನ್ನು ಎಂದು ಈಗ ನನಗೆ ತೋರುತ್ತದೆ. ರೂಪ ಬದಲಾಯಿತು, ಸ್ವಭಾವ ಬದಲಾಗಲಿಲ್ಲ. ಮಾಯೆಗೂ ಒಂದು ಕಟ್ಟಳೆಯಿದೆ ಎಂಬುದನ್ನು ಅವಳು ಕಾಲಿನಲ್ಲಿ ಕಂಡಳು. ಆ ಕಟ್ಟಳೆಯ ವಿಚಾರಕ್ಕೆ ಬರುವ ಮುಂಚೆ ಈ ಹೊಲದ ಬದುಗಳನ್ನು ಗೊತ್ತುಮಾಡಿಕೊಳ್ಳಬೇಕು. ನೆರೆಯ ಹೊಲದವರು ಒತ್ತುವರಿ ಮಾಡುವುದು ಹೆಚ್ಚು.

ಒಂದು ಬದುವಿನಾಚೆ ಭಕ್ತಿಚಿತ್ರವಿದೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಕಂಬ ಒಡೆದು ನರಸಿಂಹ ಬಂದಾಗ ಪ್ರೇಕ್ಷಕನಿಗೆ ‘ಇದು ಹೇಗಾದೀತು’ ಎಂಬ ಮಾತೇ ಹೊಳೆಯುವುದಿಲ್ಲ. ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ಅಲ್ಲಿನ ಪವಾಡವನ್ನು ಅವನು ಚಿತ್ರಮಂದಿರಕ್ಕೆ ಬರುವ ಮೊದಲೇ ನಂಬಿದ್ದಾನೆ, ಹೊರಗೆ ಹೋದಮೇಲೂ ನಂಬುತ್ತಾನೆ. 2022ರ ‘ಕಾಂತಾರ’ವನ್ನು ಹೊರಗಿನವರು ಫ್ಯಾಂಟಸಿಯೆಂದು ಪಟ್ಟಿಮಾಡಬಹುದು. ತುಳುನಾಡಿನ ಕೋಲದ ಅಂಗಳದಲ್ಲಿ ಕೈಮುಗಿದು ನಿಂತು ಬೆಳೆದವರಿಗೆ ಅಲ್ಲಿ ಬರುವ ದೈವ ಕಥೆಯ ಪಾತ್ರವಲ್ಲ. ಅದ್ಭುತ ಚಿತ್ರದ ನಂಬಿಕೆ ಇಂತಹುದಲ್ಲ. ಅದು ಟಿಕೇಟಿನ ಜೊತೆ ಕೈಗೆ ಬಂದು, ದೀಪ ಹತ್ತಿದಾಗ ಕೈಬಿಟ್ಟು ಹೋಗುತ್ತದೆ.

ಇನ್ನೊಂದು ಬದುವಿನಾಚೆ ಕನಸು. 1939ರಲ್ಲಿ ಅಮೆರಿಕದಲ್ಲಿ ತೆಗೆದ ‘ದಿ ವಿಜರ್ಡ್ ಆಫ್ ಆಜ್’ ಎಂಬ ಚಿತ್ರವನ್ನು ನೀವು ನೋಡಿರಬಹುದು. ಡಾರತಿ ಎಂಬ ಹುಡುಗಿಯನ್ನು ಅವಳ ಮನೆಯ ಸಮೇತ ಸುಂಟರಗಾಳಿ ಎತ್ತಿಕೊಂಡು ಹೋಗುತ್ತದೆ. ಬಣ್ಣವಿಲ್ಲದ ಹಳ್ಳಿಯಿಂದ ಬಂದವಳು ಬಾಗಿಲು ತೆರೆದರೆ ಎದುರಿಗೆ ಬಣ್ಣದ ಲೋಕ. ಇಷ್ಟು ಸೊಗಸಾಗಿ ಬಾಗಿಲು ತೆರೆದ ಚಿತ್ರ ಇನ್ನೊಂದಿಲ್ಲ. ಆದರೆ ಕೊನೆಯಲ್ಲಿ ಹುಡುಗಿ ಹಾಸಿಗೆಯಲ್ಲಿ ಕಣ್ಣು ಬಿಡುತ್ತಾಳೆ. ಎಲ್ಲವೂ ಕನಸು ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಬಾಮ್ ಎಂಬ ಲೇಖಕ 1900ರಲ್ಲಿ ಬರೆದ ಮೂಲ ಪುಸ್ತಕದಲ್ಲಿ ಅದು ಕನಸಲ್ಲ, ಅವಳು ನಿಜವಾಗಿಯೇ ಹೋಗಿಬರುತ್ತಾಳೆ. ಚಿತ್ರದವರಿಗೆ ಕೊನೆಗೆ ಧೈರ್ಯ ಸಾಲಲಿಲ್ಲವೆಂದು ನನ್ನ ಅಭಿಪ್ರಾಯ. ಬಡಿಸಿದ ಊಟವನ್ನು ಕೈತೊಳೆಯುವ ಹೊತ್ತಿಗೆ ‘ಅದು ಚಿತ್ರಾನ್ನವಲ್ಲ, ಚಿತ್ರದಲ್ಲಿನ ಅನ್ನ’ ಎಂದರೆ ಹೇಗಿರುತ್ತದೆ? ನಮ್ಮ ನೇಮಿಚಂದ್ರ ಕವಿ ‘ಲೀಲಾವತಿ ಪ್ರಬಂಧ’ದಲ್ಲಿ ಕನಸನ್ನೇ ಕಥೆಯ ಬೀಜವಾಗಿ ಮಾಡಿದ. ಆದರೆ ಅಲ್ಲಿ ಬನವಾಸಿಯ ರಾಜಕುಮಾರ ಕಂದರ್ಪನು ಕನಸಿನಲ್ಲಿ ಲೀಲಾವತಿಯನ್ನು ಕಾಣುತ್ತಾನೆ. ಅತ್ತ ಲೀಲಾವತಿಯೂ ತನ್ನ ಕನಸಿನಲ್ಲಿ ಅವನನ್ನು ಕಾಣುತ್ತಾಳೆ. ಇಬ್ಬರು ಕಂಡ ಕನಸು ಎದ್ದಮೇಲೂ ಅಳಿಯುವುದಿಲ್ಲ. ಅದರ ಬೆನ್ನು ಹತ್ತಿ ಹೊರಡಲೇಬೇಕಾಗುತ್ತದೆ. ಈ ಒಂದು ವಿಚಾರದಲ್ಲಿ ಹಾಲಿವುಡ್ಡಿನವರಿಗಿಂತ ಹನ್ನೆರಡನೆಯ ಶತಮಾನದ ನಮ್ಮ ಜೈನ ಕವಿಯೇ ದಿಟ್ಟನೆಂದು ಹೇಳಲು ನನಗೆ ಸಂಕೋಚವಿಲ್ಲ.

ಇನ್ನು ಕಟ್ಟಳೆಯ ಮಾತು. ವಿಕ್ರಮನೂ ಬೇತಾಳನೂ ನಿಮಗೆಲ್ಲ ಗೊತ್ತಿರುವವರೇ. ಹೆಣ ಮಾತನಾಡುವುದು ಅಸಂಭವ. ಆದರೆ ಆ ಕಥೆಗಳನ್ನು ನಡೆಸುವುದು ಹೆಣದ ಮಾತಲ್ಲ. ರಾಜ ಮೌನ ಮುರಿದರೆ ಹೆಣ ಮರಕ್ಕೆ ಹಿಂತಿರುಗತಕ್ಕದ್ದು, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯತಕ್ಕದ್ದು ಎಂಬ ಎರಡು ಅಲುಗಿನ ಕರಾರು ಅವನ್ನು ನಡೆಸುತ್ತದೆ. ಅದನ್ನು ತೆಗೆದುಬಿಡಿ, ಇಪ್ಪತ್ತೈದು ಕಥೆಗಳಲ್ಲಿ ಒಂದೂ ನಿಲ್ಲುವುದಿಲ್ಲ. ಈ ಗುಟ್ಟನ್ನು ಬಲ್ಲವರು ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು. 1947ರಲ್ಲಿ ‘ಚಂದಮಾಮ’ ಪತ್ರಿಕೆಯನ್ನು ಹೊರಡಿಸಿದವರೂ, ವಿಜಯಾ ಸಂಸ್ಥೆಯನ್ನು ಕಟ್ಟಿದವರೂ ಇವರೇ. ಇವರ 1951ರ ‘ಪಾತಾಳ ಭೈರವಿ’ಯಲ್ಲಿ ಬೇಡಿದ್ದನ್ನು ಕೊಡುವ ಒಂದು ಪುಟ್ಟ ವಿಗ್ರಹವಿದೆ. ಅದರ ಕಟ್ಟಳೆಯೇನೆಂದರೆ, ಯಾರ ಕೈಯಲ್ಲಿದೆಯೋ ಅವರ ಮಾತನ್ನು ಕೇಳುವುದು. ಕೈ ತೋಟದವನ ಮಗನದೋ ಮಾಂತ್ರಿಕನದೋ ಎಂದು ವಿಗ್ರಹ ವಿಚಾರಿಸುವುದಿಲ್ಲ. ಒಂದು ರಾತ್ರಿ ಕಟ್ಟಿಕೊಟ್ಟ ಅರಮನೆಯನ್ನು ಇನ್ನೊಬ್ಬನ ಕೈಗೆ ಹೋದಾಗ ಅದೇ ವಿಗ್ರಹ ಕಿತ್ತುಕೊಂಡು ಹೋಗುತ್ತದೆ. ಅದು ದಯೆ ತೋರಿದ್ದರೆ ಭಕ್ತಿಚಿತ್ರವಾಗುತ್ತಿತ್ತು.

ಈ ಕಟ್ಟಳೆಯ ಅತ್ಯುತ್ತಮ ನಿದರ್ಶನವೆಂದು ನಾನು ಎತ್ತಿಕೊಳ್ಳುವ ಚಿತ್ರ ಮಾತ್ರ ಲಂಡನ್ನಿನದು, ಅದರ ಮುಖ್ಯ ಬಾಲಕ ನಮ್ಮವನು. 1940ರ ‘ದಿ ಥೀಫ್ ಆಫ್ ಬಾಗ್ದಾದ್’. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ. ಇಂಗ್ಲೆಂಡಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ, 1939ರಲ್ಲಿ ಯುದ್ಧ ಆರಂಭವಾಯಿತು. ಉಳಿದ ಕೆಲಸಕ್ಕೆ ತಂಡ ಅಮೆರಿಕಕ್ಕೆ ಹೋಗಬೇಕಾಯಿತು. ಕಳ್ಳ ಹುಡುಗ ಅಬುವಿನ ಪಾತ್ರ ವಹಿಸಿದವನು ಸಾಬು. 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ತಂದೆಯಿಲ್ಲದ ಹುಡುಗನಾಗಿ ಮಹಾರಾಜರ ಆನೆಲಾಯದಲ್ಲಿದ್ದವನು, ಆನೆಗಳ ಚಿತ್ರ ತೆಗೆಯಲು ಬಂದ ಪರದೇಶದವರ ಕಣ್ಣಿಗೆ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಾಗ ಅವನಿಗೆ ಹದಿಮೂರು ವರ್ಷ. ಆಮೇಲೆ ಅವನು ಹಿಂದಿರುಗಿ ಲಾಯದ ಹುಡುಗನಾಗಲಿಲ್ಲ. ಅಮೆರಿಕದ ಪ್ರಜೆಯಾಗಿ, ಎರಡನೆಯ ಮಹಾಯುದ್ಧದಲ್ಲಿ ಅವರ ವಾಯುಪಡೆಯಲ್ಲಿ ಕೆಲಸ ಮಾಡಿ, 1963ರಲ್ಲಿ ಮೂವತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಂಡ. ಕಾರಾಪುರದಿಂದ ಹಾಲಿವುಡ್ಡಿಗೆ ಹೋದ ಈ ಬಾಳೇ ಅಸಂಭವವೆಂದು ಕೆಂಪು ಶಾಯಿಯಲ್ಲಿ ಬರೆಯಬಹುದಾದಂತಹುದು.

ಚಿತ್ರದಲ್ಲಿ ಅಬು ಸಮುದ್ರತೀರದಲ್ಲಿ ಒಂಟಿಯಾಗಿ ಬಿದ್ದಿರುವಾಗ ಅವನಿಗೊಂದು ಸೀಸೆ ಸಿಕ್ಕುತ್ತದೆ. ಬಿರಡೆ ತೆಗೆದರೆ ಹೊಗೆಯೆದ್ದು ಬೆಟ್ಟದಷ್ಟು ಎತ್ತರದ ಭೂತ. ಅದರ ಕಾಲ ಹೆಬ್ಬೆರಳಿನ ಪಕ್ಕದಲ್ಲಿ ಹುಡುಗ ಇರುವೆಯಂತೆ ನಿಂತಿದ್ದಾನೆ. ಭೂತ ಅವನನ್ನು ಕೊಲ್ಲಲು ಹೊರಡುತ್ತದೆ. ‘ಇಷ್ಟು ದೊಡ್ಡವನು ಇಷ್ಟು ಸಣ್ಣ ಸೀಸೆಯಲ್ಲಿ ಹಿಡಿಸುವುದುಂಟೇ’ ಎಂದು ಹುಡುಗ ಕೆಣಕಿ ಅದನ್ನು ತಿರುಗಿ ಒಳಗೆ ಹೋಗುವಂತೆ ಮಾಡಿ ಬಿರಡೆ ಹಾಕುತ್ತಾನೆ. ಆಗ ಒಪ್ಪಂದ: ಬಿಡುಗಡೆ ಮಾಡಿದರೆ ಮೂರು ಕೋರಿಕೆ. ಮೂರೇ. ಇನ್ನು ಗಮನಿಸಿ. ಮೂರು ಲೋಕವನ್ನೂ ಕೇಳಬಹುದಾದ ಹುಡುಗ ಮೊದಲನೆಯ ವರವಾಗಿ ಏನು ಕೇಳುತ್ತಾನೆ? ಹೊಟ್ಟೆ ಹಸಿದಿದೆ, ತಾಯಿ ಮಾಡಿಕೊಡುತ್ತಿದ್ದಂಥ ಸಾಸೇಜುಗಳನ್ನು, ಬಾಣಲೆಯ ತುಂಬ, ಕೇಳುತ್ತಾನೆ. ಒಂದು ವರ ಅಲ್ಲಿಗೆ ಮುಗಿಯಿತು. ಎರಡನೆಯದನ್ನು ತನ್ನ ಗೆಳೆಯ, ರಾಜ್ಯ ಕಳೆದುಕೊಂಡ ರಾಜ ಅಹಮದನನ್ನು ಹುಡುಕುವುದಕ್ಕೆ ಬಳಸುತ್ತಾನೆ. ಮೂರನೆಯದು? ಗೆಳೆಯರಿಬ್ಬರಿಗೂ ಜಗಳವಾಗುತ್ತದೆ. ಸಿಟ್ಟಿನ ಭರದಲ್ಲಿ ಅಬುವಿನ ಬಾಯಿಂದ ‘ನೀನು ಬಾಗ್ದಾದಿನಲ್ಲಿದ್ದರೆ ಚೆನ್ನಾಗಿತ್ತು’ ಎಂಬ ಅರ್ಥದ ಮಾತು ಬಂದುಬಿಡುತ್ತದೆ. ಅಷ್ಟೇ, ಗೆಳೆಯ ಮಾಯ, ಶತ್ರುವಿನ ಊರಿನಲ್ಲಿದ್ದಾನೆ. ಭೂತ ಗಹಗಹಿಸಿ ಹಾರಿಹೋಗುತ್ತದೆ. ದೊಡ್ಡ ಕಣಿವೆಯಲ್ಲಿ ಹುಡುಗನೊ ಅವನ ನೆರಳೊ, ಇಬ್ಬರೇ ಉಳಿಯುತ್ತಾರೆ.

ಆ ಕಣಿವೆಯ ದೃಶ್ಯವನ್ನು ನೋಡಿದಾಗ ನನಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಭೂತ ಸುಳ್ಳು, ಸೀಸೆ ಸುಳ್ಳು. ಸಿಟ್ಟಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು ಎಂಬುದು ಸುಳ್ಳೇ? ನಾವು ದಿನವೂ ಇಂತಹ ಮಾತುಗಳನ್ನು ಆಡುತ್ತೇವೆ. ತಕ್ಷಣ ಏನೂ ಆಗದೆ ಇರುವುದರಿಂದ ಬದುಕಿಕೊಂಡಿದ್ದೇವೆ. ಅದ್ಭುತ ಚಿತ್ರದಲ್ಲಿ ತಕ್ಷಣ ಆಗುತ್ತದೆ, ಅಷ್ಟೇ ವ್ಯತ್ಯಾಸ. ಆದುದರಿಂದ ಲಕ್ಷಣವನ್ನು ನಾನು ಹೀಗೆ ಹೇಳುತ್ತೇನೆ, ತಿದ್ದುವವರು ತಿದ್ದಲಿ: ನಡೆಯಲಾರದ ಒಂದನ್ನು ಕಥೆಯ ಲೋಕದಲ್ಲಿ ದಿಟವೆಂದು ನಿಲ್ಲಿಸಿ, ಅದಕ್ಕೊಂದು ಕಟ್ಟಳೆಯನ್ನು ವಿಧಿಸಿ, ಆ ಕಟ್ಟಳೆಯ ದಂಡವನ್ನು ಪಾತ್ರಗಳ ಕೈಯಿಂದ ತಪ್ಪದೆ ಕೊಡಿಸುವುದೇ ಅದ್ಭುತ ಚಿತ್ರ. ಆ ಚಿತ್ರದ ಖಳ ಜಾಫರನೂ ಈ ಕಟ್ಟಳೆಗೆ ಒಳಪಟ್ಟವನೇ. ಅಹಮದನನ್ನು ಕುರುಡನನ್ನಾಗಿ, ಅಬುವನ್ನು ನಾಯಿಯನ್ನಾಗಿ ಮಾಡಬಲ್ಲ. ಆದರೆ ರಾಜಕುಮಾರಿಯನ್ನು ತೋಳಿನಲ್ಲಿ ಹಿಡಿದ ಕ್ಷಣ ಆ ಶಾಪ ಬಿಟ್ಟುಹೋಗತಕ್ಕದ್ದು. ಅವಳ ಪ್ರೀತಿಯೊಂದನ್ನು ಮಾತ್ರ ಅವನ ಯಾವ ಮಂತ್ರವೂ ತಂದುಕೊಡುವುದಿಲ್ಲ.

ಈ ಲಕ್ಷಣವನ್ನು ನಮ್ಮ ಹಳ್ಳಿಯ ಹೆಂಗಸರು ಎಂದೋ ಬಲ್ಲವರು. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ ಬಡವರ ಮನೆಯ ಹುಡುಗಿಯೊಬ್ಬಳು ಹೂವಿನ ಮರವಾಗುತ್ತಾಳೆ. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಹೆಸರಿನಿಂದ ಅದನ್ನು ಹಿಂದಿಯಲ್ಲಿ ಚಿತ್ರವಾಗಿ ಮಾಡಿದರು. ಕಥೆಯಲ್ಲಿ ಹುಡುಗಿ ತಂಗಿಗೋ ಅಕ್ಕನಿಗೋ ಹೇಳುವ ಮಾತುಗಳನ್ನು ಕೇಳಿ. ಎರಡು ಕೊಡ ನೀರು ತರಬೇಕು, ಉಗುರು ತಾಗಿಸಬಾರದು. ಒಂದು ಕೊಡ ಸುರಿದರೆ ಮರವಾಗುತ್ತೇನೆ. ಹೂವನ್ನು ಮಾತ್ರ ಕೊಯ್ಯಬೇಕು, ಎಲೆ ಚಿಗುರು ಮುರಿಯಬಾರದು. ಇನ್ನೊಂದು ಕೊಡ ಸುರಿದರೆ ಮನುಷ್ಯಳಾಗುತ್ತೇನೆ. ಇಷ್ಟು ಹೇಳಿದ ಕೂಡಲೇ ನಮಗೆ ಗೊತ್ತಾಗಿಬಿಡುತ್ತದೆ, ಯಾರೋ ಕೊಂಬೆ ಮುರಿದೇ ಮುರಿಯುತ್ತಾರೆಂದು. ಮುರಿಯುತ್ತಾರೆ. ಮದುವೆಯಾಗಿ ಹೋದ ಮನೆಯಲ್ಲಿ ನಾದಿನಿಯೂ ಅವಳ ಗೆಳತಿಯರೂ ಹೂವಿನ ಆಸೆಗೆ ಬಿದ್ದು ಕೊಂಬೆಗಳನ್ನು ಕಿತ್ತು, ನೀರನ್ನು ಹೇಗೆಂದರೆ ಹಾಗೆ ಎರಚಿ ಓಡಿಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದ ಮೊಂಡಾಗಿ, ಅತ್ತ ಮರವೂ ಅಲ್ಲದೆ ಇತ್ತ ಮನುಷ್ಯಳೂ ಅಲ್ಲದೆ ಉಳಿಯುತ್ತಾಳೆ. ನಾನು ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಹೆಣ್ಣುಮಕ್ಕಳ ಸಾಲಿನಲ್ಲಿ ಯಾರೂ ‘ಇದು ಸಂಭವವೇ’ ಎಂದು ಕೇಳಿದ್ದಿಲ್ಲ. ಮನೆಯವರಿಗೆ ಹೂ ಕೊಟ್ಟು ಕೊಟ್ಟು ಕೊಂಬೆ ಮುರಿಸಿಕೊಂಡ ಹೆಂಗಸರನ್ನು ಅವರು ನೋಡಿಬಲ್ಲರು.

ಇದೇ ಒರೆಗಲ್ಲಿಗೆ ನೊಣವನ್ನು ಹಚ್ಚಿ ನೋಡಿದೆ. ‘ಈಗ’ ಚಿತ್ರದ ನಿರ್ದೇಶಕ ರಾಜಮೌಳಿಯವರು ನೊಣಕ್ಕೆ ಹಿಂದಿನ ಜನ್ಮದ ನೆನಪನ್ನು ಕೊಟ್ಟರು. ಬೇರೆ ಏನನ್ನೂ ಕೊಡಲಿಲ್ಲ. ಅದು ಮಾತನಾಡಲಾರದು. ಅದಕ್ಕೆ ನೊಣದಷ್ಟೇ ಬಲ. ಪ್ರೇಯಸಿಗೆ ತನ್ನ ಗುರುತು ಹೇಳಬೇಕಾದರೆ ಅವಳ ಕಣ್ಣೀರಿನ ಹನಿಯಿಂದಲೇ ಅಕ್ಷರ ಗೀಚಬೇಕು. ಅವಳು ಸೂಕ್ಷ್ಮ ಕೆತ್ತನೆಯ ಕಲಾವಿದೆಯಾದುದರಿಂದ ನೊಣದ ಅಳತೆಗೆ ಆಯುಧ ಮಾಡಿಕೊಡಬಲ್ಲಳು. ಅದೂ ಮೊದಲೇ ಇಟ್ಟ ಕಟ್ಟಳೆಯೊಳಗೇ ಬರುತ್ತದೆ. ಖಳನಾಗಿ ನಟಿಸಿದವರು ನಮ್ಮ ಶಿವಮೊಗ್ಗದ ಸುದೀಪ್. ನೊಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಬರೆದು ಸೇರಿಸಿದುದರಿಂದ, ಅವರು ಎದುರಿಗೆ ಇಲ್ಲದ ನೊಣಕ್ಕೆ ಬೆದರಿ, ಇಲ್ಲದ ನೊಣವನ್ನು ಬಡಿದು, ನಿದ್ದೆಗೆಟ್ಟವರಾಗಿ ಅಭಿನಯಿಸಬೇಕಾಯಿತು. ಮತ್ತೆ ಸಾವಿತ್ರಿಯ ದಾರಿಯೇ. ಇತ್ತೀಚಿನ ಎಷ್ಟೋ ಚಿತ್ರಗಳಲ್ಲಿ ಕಂಪ್ಯೂಟರು ಬೆಟ್ಟಗಳನ್ನು ಹಾರಿಸುತ್ತದೆ, ಸಮುದ್ರವನ್ನು ಸೀಳುತ್ತದೆ. ಯಾರು ಏನನ್ನು ಬೇಕಾದರೂ ಮಾಡಬಹುದಾದುದರಿಂದ ಯಾರಿಗೆ ಏನಾದರೂ ನಮಗೆ ಅನ್ನಿಸುವುದಿಲ್ಲ. ಒಂದು ನೊಣಕ್ಕಾಗಿ ನಾನು ಕುರ್ಚಿಯ ತುದಿಯಲ್ಲಿ ಕುಳಿತಿದ್ದೆ.

ಆ ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿ ಹೋದ. ಹೋಗುವ ಮುನ್ನ ಅವನ ಹಳೆಯ ಪ್ರಬಂಧದ ಪುಸ್ತಕವನ್ನು ಕೇಳಿದೆ. ರದ್ದಿಗೆ ಹಾಕಿಬಿಟ್ಟೆ ಸಾರ್ ಎಂದ. ನನ್ನ ಕೆಂಪು ಶಾಯಿಯೂ ಅದರ ಜೊತೆ ಹೋಯಿತು, ಹತ್ತಕ್ಕೆ ಎಂಟು ಎಂದು ತಿದ್ದುವ ಅವಕಾಶವೂ ಹೋಯಿತು.

ಕಳೆದ ವರ್ಷ ಒಂದು ಶನಿವಾರ ಮಧ್ಯಾಹ್ನ ಶಾಲೆಯ ದೊಡ್ಡ ಕೊಠಡಿಯಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ, ಬಾಗ್ದಾದಿನ ಕಳ್ಳನ ಚಿತ್ರವನ್ನು ಮಕ್ಕಳಿಗೆ ತೋರಿಸಿದೆ. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಅರ್ಥ ಹೇಳಿದೆ. ಮುಖ್ಯೋಪಾಧ್ಯಾಯರೂ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕಥೆ ಮುಗಿಯುವಾಗ ಅಬುವಿಗೆ ಹಾರುವ ರತ್ನಗಂಬಳಿ ಸಿಕ್ಕಿದೆ, ಖಳ ಸತ್ತಿದ್ದಾನೆ, ಅಹಮದ್ ಮತ್ತೆ ರಾಜನಾಗಿದ್ದಾನೆ. ಉಪಕಾರ ಮಾಡಿದ ಗೆಳೆಯನಿಗೆ ರಾಜ ತುಂಬಿದ ಸಭೆಯಲ್ಲಿ ಉಡುಗೊರೆಯನ್ನು ಸಾರುತ್ತಾನೆ: ಇವನನ್ನು ಒಳ್ಳೆಯ ಗುರುಗಳ ಬಳಿ ಓದಿಸಿ, ಮುಂದೆ ನನ್ನ ಮಹಾಮಂತ್ರಿಯನ್ನಾಗಿ ಮಾಡುತ್ತೇನೆ. ಶಾಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಾರಾಪುರದ ಹುಡುಗ ಸದ್ದಿಲ್ಲದೆ ಹಿಂದೆ ಸರಿದು, ಕಂಬಳಿಯ ಮೇಲೆ ಹತ್ತಿ, ಕೈಬೀಸಿ ಆಕಾಶಕ್ಕೆ ಹಾರಿಬಿಡುತ್ತಾನೆ. ನಮ್ಮ ಮಕ್ಕಳು ಬೆಂಚುಗಳನ್ನು ಬಡಿದು ಹಾಕಿದ ಕೂಗಿಗೆ ಕಿಟಕಿಯ ಕಂಬಳಿಯೊಂದು ಕಳಚಿ ಬಿತ್ತು. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ನಾನು ಏನೂ ತಿಳಿಯದವನಂತೆ ಯಂತ್ರದ ತಂತಿಯನ್ನು ಸುತ್ತತೊಡಗಿದೆ.